ಒಂಟಿ ಸೀನಿಗೆ ಮದ್ದು ಹುಡುಕಿದ್ದು

ನನಗೆ ಸೀನು ಒಂದೊಂದೇ ಬರುತ್ತದೆ. ಬೇರೆಯವರಿಗೆ ಅಲರ್ಜಿ ಎಂದರೆ ಸಾಲು ಸಾಲಾಗಿ ಸೀನು, ಆಮೇಲೆ ನಿರಾಳ. ನನ್ನದು ಹಾಗಲ್ಲ. ಒಂದು ಬರುತ್ತದೆ, ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ. ಆಮೇಲೆ ಮೂಗು ಏನೂ ಆಗಿಲ್ಲವೆಂಬಂತೆ ಸುಮ್ಮನಿರುತ್ತದೆ. ಇನ್ನೊಂದು ಬರುವ ಹೊತ್ತಿಗೆ ಮೊದಲನೆಯದನ್ನು ಎಲ್ಲರೂ ಮರೆತಿರುತ್ತಾರೆ.

ಬೇರೆಲ್ಲಾದರೂ ಇದು ಕಾಯಿಲೆಯ ಒಂದು ಲಕ್ಷಣ, ಅಷ್ಟೆ. ನಮ್ಮಲ್ಲಿ, ಯಾರಾದರೂ ಹೊರಡುವ ಹೊತ್ತಿಗೆ ಬಿದ್ದ ಒಂಟಿ ಸೀನು ಅಪಶಕುನ. ಎರಡು ಬಿದ್ದರೆ ಒಳ್ಳೆಯದು. ಒಂದೇ ಬಿದ್ದರೆ ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಹಾಗಾಗಿ ನೆಂಟರ ಮನೆಗಳಲ್ಲಿ ದಿಬ್ಬಣ ಹೊರಡುವ ಹೊತ್ತಿಗೆ ನನ್ನನ್ನು ಹಿತ್ತಲ ಕಡೆ ಕಳಿಸುವುದು ರೂಢಿಯಾಯಿತು. "ಟೀಚರ್ರೇ, ಒಂಚೂರು ಬಾವಿಕಟ್ಟೆ ಹತ್ರ ಇರ್ತೀರಾ?" ಎಂದು ನಗುತ್ತಲೇ ಹೇಳುತ್ತಿದ್ದರು. ನಾನು ಹೋಗಿ ನಿಲ್ಲುತ್ತಿದ್ದೆ. ಬೇಸರವಾಗುತ್ತಿರಲಿಲ್ಲ. ಯಾರು ಎಲ್ಲಿ ನಿಲ್ಲಬೇಕೆಂದು ಮಕ್ಕಳಿಗೆ ಕಲಿಸಿದವಳು ನಾನು.

ಹೊಸನಗರದ ಪ್ರೌಢಶಾಲೆಯಲ್ಲಿ ನಿವೃತ್ತಿಯವರೆಗೂ ದೈಹಿಕ ಶಿಕ್ಷಣದ ಟೀಚರ್ ಆಗಿದ್ದೆ. ಮದುವೆಯಾಗಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ತಮ್ಮ ಶ್ರೀಪತಿ ಮತ್ತು ಅವನ ಹೆಂಡತಿ ಸುಲೋಚನಳ ಜೊತೆ ಇದ್ದೇನೆ. ಬೆಳಿಗ್ಗೆ ಏಳುವುದು, ಬಿಸಿನೀರು ಕುಡಿಯುವುದು, ನಡೆಯುವುದು, ತಿಂಡಿಯ ಮೇಲೆ ಬಿ.ಪಿ. ಮಾತ್ರೆ ನುಂಗುವುದು, ಎಲ್ಲಕ್ಕೂ ವೇಳೆ ಉಂಟು. ಟೀಚರ್ಸ್ ಟ್ರೈನಿಂಗಿನ ಹಾಸ್ಟೆಲಿನಲ್ಲಿ ಬೆಲ್ಲಿಗೆ ಎದ್ದು ಬೆಲ್ಲಿಗೆ ಮಲಗಿ ಬಂದ ಅಭ್ಯಾಸ. ಬಿಡಬೇಕೆಂದು ಅನಿಸಿಲ್ಲ.

ಶ್ರೀಪತಿ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ, ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್. ಹೀಗೆ ನಮ್ಮ ಮನೆಯಲ್ಲಿ ಎರಡು ಸೀಟಿ. ನನ್ನ ಸೀಟಿಗೆ ಮಕ್ಕಳು ಓಡುತ್ತಿದ್ದರು, ಅವನ ಸೀಟಿಗೆ ಬಸ್ಸು. ಶಕುನದ ವಿಷಯದಲ್ಲಿ ಅವನದು ಊರಿನವರಿಗಿಂತ ಒಂದು ಹೆಜ್ಜೆ ಮುಂದಿನ ನಂಬಿಕೆ. ಹೊರಡಲು ನಿಂತ ಬಸ್ಸಿನಲ್ಲಿ ಯಾರಾದರೂ ಒಂಟಿ ಸೀನು ಸೀನಿದರೆ ಬಸ್ಸನ್ನು ತಡೆದು, ಡ್ರೈವರಿಗೆ ನೀರು ಕುಡಿಸಿ, ಆಮೇಲೆ ಬಿಡುತ್ತಿದ್ದ. "ಒಂದು ಸೀಟಿ ಅಂದ್ರೆ ನಿಲ್ಸು, ಎರಡು ಸೀಟಿ ಅಂದ್ರೆ ಹೋಗು. ಸೀನೂ ಅಷ್ಟೇ ಅಕ್ಕ. ಇದ್ರಲ್ಲಿ ಮೂಢನಂಬಿಕೆ ಎಂತ ಬಂತು?" ಎನ್ನುತ್ತಿದ್ದ. ಅವನು ಏಜೆಂಟ್ ಆಗಿದ್ದಷ್ಟು ಕಾಲ ಒಂದು ಬಸ್ಸೂ ಬಿದ್ದಿರಲಿಲ್ಲ. ಅದನ್ನೇ ಸಾಕ್ಷಿಯಾಗಿ ಹೇಳುತ್ತಿದ್ದ.

ಅವನಿಗೆ ನಡೆದರೆ ಎದೆ ಹಿಡಿಯತೊಡಗಿತು. ಸಾಗರದ ಡಾಕ್ಟರು ಪರೀಕ್ಷೆ ಮಾಡಿ, ಹೃದಯದ ರಕ್ತನಾಳ ಕಟ್ಟಿದೆ ಎಂದರು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಟ್ಟರು. "ತಡ ಮಾಡ್ಬೇಡಿ" ಎಂದರು. ಅದನ್ನೇ ಇನ್ನೊಮ್ಮೆ, ನನ್ನ ಕಡೆ ನೋಡಿ ಹೇಳಿದರು. ವಾಪಸ್ ಬರುವಾಗ ಶ್ರೀಪತಿ ಕಾಯಿಲೆಯ ಮಾತೇ ಎತ್ತಲಿಲ್ಲ. ಬಸ್ಸಿನ ಡ್ರೈವರ್ ಗೇರ್ ಹಾಕುವ ರೀತಿಯನ್ನು ಬೈಯುತ್ತಲೇ ಬಂದ.

ಹೊರಡುವ ದಿನ ಬೆಳಿಗ್ಗೆ ನಾನು ಹಿಂದಿನ ರೂಢಿಯಂತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅವನು ಹೊರಟ ಮೇಲೆ ಹಿಂದಿನಿಂದ ಬಂದು ಸೇರಿಕೊಳ್ಳುವುದು ಎಂದು ಮಾತಾಗಿತ್ತು. ಅವನು ದೇವರಿಗೆ ಕೈಮುಗಿದು, ಚಪ್ಪಲಿ ಮೆಟ್ಟಿ, ಒಂದು ಕಾಲು ಹೊಸ್ತಿಲಿನಾಚೆ ಇಟ್ಟ. ನನಗೆ ಸೀನು ಬಂತು. ಸೆರಗನ್ನು ಮೂಗಿಗೆ ಒತ್ತಿಕೊಂಡರೂ ಕೇಳಿಸಿತು.

"ಹೋಲ್ಡಾನ್" ಎಂದ ಶ್ರೀಪತಿ, ಬಸ್ಸು ನಿಲ್ಲಿಸುವ ಕಂಡಕ್ಟರನ ದನಿಯಲ್ಲಿ. ಕಾಲು ಒಳಗೆ ತಂದು ಬೆಂಚಿನ ಮೇಲೆ ಕೂತ.

ಸುಲೋಚನ ನೀರು ಕೊಟ್ಟಳು. ಕುಡಿದ. "ಇನ್ನು ಹೊರಡಿ, ಬಸ್ಸು ಬರ್ತದೆ" ಎಂದಳು.

"ಅಕ್ಕಂಗೆ ಇನ್ನೊಂದು ಬರ್ಲಿ."

"ಅವರಿಗೆ ಇನ್ನೊಂದು ಬರೋದು ಮಧ್ಯಾಹ್ನಕ್ಕೆ!"

"ಹಂಗಾದ್ರೆ ರಾಹುಕಾಲ ಕಳೀಲಿ."

ರಾಹುಕಾಲ ಕಳೆಯುವಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನ ಬಸ್ಸು ಹಿಡಿದರೆ ಡಾಕ್ಟರು ಸಿಗುತ್ತಿರಲಿಲ್ಲ. ಅವನು ಪ್ಯಾಂಟು ಕಳಚಿ ಲುಂಗಿ ಉಟ್ಟು ಪೇಪರ್ ಓದಿದ. ಅವನ ಮುಖದಲ್ಲಿ ಕಂಡದ್ದು ನಿರಾಳ. ಶಾಲೆಯಲ್ಲಿ, ಮಳೆ ಬಂದು ಓಟದ ಪರೀಕ್ಷೆ ನಿಂತಾಗ ಓಡಲಾರದ ಮಕ್ಕಳ ಮುಖದಲ್ಲಿ ಅದನ್ನು ನೋಡಿದ್ದೆ. ಅವನಿಗೆ ಹೆದರಿಕೆಯಾಗಿತ್ತು. ನನ್ನ ಮೂಗು ಅವನಿಗೆ ರಜೆ ಕೊಟ್ಟಿತ್ತು.

ಆಸ್ಪತ್ರೆಯವರು ಬೇರೆ ದಿನ ಕೊಟ್ಟರು. ಆ ಬಾರಿ ಮೊದಲೇ ನಾನು ತೀರ್ಥಹಳ್ಳಿಯ ನೆಂಟರ ಮನೆಗೆ ಹೋಗಿರುವುದೆಂದು ಸುಲೋಚನ ಹೇಳಿದಳು. ಶ್ರೀಪತಿ ಒಪ್ಪಲಿಲ್ಲ. "ಅಕ್ಕ ಮನೆಯಿಂದಲೇ ಜೊತೆಗೆ ಹೊರಡೋದಾದ್ರೆ ನಾನು ಹೋಗ್ತೀನಿ. ಇಲ್ದಿದ್ರೆ ಇಲ್ಲ" ಎಂದ. ಮಾತು ಮುಗಿಯಿತು.

ಸುಲೋಚನ ನನ್ನನ್ನು ಹಿತ್ತಲಿಗೆ ಕರೆದಳು. "ಅತ್ತಿಗೆ, ಇವರ ತಲೆ ಸರಿ ಮಾಡಕ್ಕೆ ನಂಗೆ ಇಷ್ಟು ವರ್ಷದಲ್ಲೇ ಆಗ್ಲಿಲ್ಲ. ನಿಮ್ಮ ಮೂಗಿಗಾದ್ರೂ ಎಂತಾದ್ರೂ ಮಾಡಿ."

ಮೂಗಿನ ತೊಂದರೆ ಬಹಳ ದಿನಗಳದ್ದು. ಮಳೆ ಬಿಟ್ಟು, ಗೋಡೆಯ ಬೂಷ್ಟು ಒಣಗಿ ಪುಡಿಯಾಗುವ ದಿನಗಳಲ್ಲಿ ಮೂಗು ಕಟ್ಟುತ್ತದೆ, ಕಣ್ಣು ತುರಿಸುತ್ತದೆ, ಹಣೆ ಭಾರವಾಗುತ್ತದೆ. ಕರಿಮೆಣಸಿನ ಕಷಾಯ ಕುಡಿದು, ಹಬೆ ತೆಗೆದುಕೊಂಡು ಕಾಲ ಕಳೆದಿದ್ದೆ. ಡಾಕ್ಟರಿಗೆ ತೋರಿಸುವಂಥದ್ದು ಎಂದು ಅನಿಸಿರಲಿಲ್ಲ. ಈಗಲೂ ಡಾಕ್ಟರ ಹತ್ತಿರ ಹೋಗಲಿಲ್ಲ, ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯ ಉಮೇಶ ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೇ ಹೊಟ್ಟೆ ಬಂದಿದೆ.

"ಟೀಚರ್, ನಿದ್ದೆ ಬರೋದು ಬೇಕಾ, ಬರದೇ ಇರೋದು ಬೇಕಾ?"

"ಸೀನು ನಿಲ್ಬೇಕು."

"ಹಂಗಾದ್ರೆ ನಿದ್ದೆ ಬರೋದು. ಮೂಗು ಕಟ್ಟೋದಕ್ಕೆ ಬೇರೆ ಉಂಟು. ಮೂಗಿಗೆ ಬಿಡೋ ಡ್ರಾಪ್ಸ್ ಉಂಟು. ಎಲ್ಲ ಸೇರಿ ಒಂದೇ ಮಾತ್ರೇಲಿ ಬೇಕಾದ್ರೆ ಈ ಶೀತದ ಮಾತ್ರೆ. ಜನ ಇದನ್ನೇ ಒಯ್ಯೋದು. ಪೇಪರ್ನಲ್ಲೂ ಬರ್ತದಲ್ಲ."

"ಯಾವುದು ಒಳ್ಳೇದು?"

"ಎಲ್ಲಾ ಒಳ್ಳೇದೇ ಟೀಚರ್. ಕೆಟ್ಟದ್ದು ನಾನು ಇಟ್ಟೇ ಇಲ್ಲ."

ಬಿ.ಪಿ. ಇದೆ ಎಂದು ನಾನು ಹೇಳಲಿಲ್ಲ. ಅವನು ಕೇಳಲಿಲ್ಲ. ಎಲ್ಲವನ್ನೂ ಒಂದೊಂದು ತಂದೆ. ಮಕ್ಕಳನ್ನು ತಂಡಕ್ಕೆ ಆರಿಸುವ ಮೊದಲು ಒಬ್ಬೊಬ್ಬರನ್ನೇ ಓಡಿಸಿ ನೋಡುವುದು ನನ್ನ ಕ್ರಮ. ಮಾತ್ರೆಗಳನ್ನೂ ಹಾಗೇ ನೋಡಿದೆ.

ನಿದ್ದೆ ಬಾರದ ಬಿಳಿ ಮಾತ್ರೆ ಸಭ್ಯವಾಗಿತ್ತು. ಕಣ್ಣಿನ ತುರಿಕೆ ಹೋಯಿತು. ತಲೆ ತಿಳಿಯಾಗಿತ್ತು. ಆದರೆ ಸೀನು ಪೂರ್ತಿ ನಿಲ್ಲಲಿಲ್ಲ. ದಿನಕ್ಕೆ ಒಂದಾದರೂ ಬರುತ್ತಿತ್ತು. ನನಗೆ ಭಯ ಇದ್ದದ್ದೇ ಆ ಒಂದರದ್ದು. ಶೀತದ ಮಾತ್ರೆ ಮೂಗನ್ನು ಒಣಗಿಸಿತು, ಬಾಯನ್ನೂ ಒಣಗಿಸಿತು. ಎದೆ ಡವಗುಟ್ಟಿತು. ಡ್ರಾಪ್ಸ್ ಮಾತ್ರ ಪವಾಡದಂತಿತ್ತು. ಎರಡು ಹನಿ ಬಿಟ್ಟರೆ ಮುಚ್ಚಿದ ಕಿಟಕಿ ತೆರೆದ ಹಾಗೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ವೇಳೆ ತಪ್ಪದೆ ಬಿಟ್ಟುಕೊಂಡೆ. ಸ್ವಲ್ಪ ದಿನದಲ್ಲಿ ಆ ವೇಳೆಗೆ ಮುಂಚೆಯೇ ಮೂಗು ಕಟ್ಟತೊಡಗಿತು. ನಾನು ಹನಿ ಬಿಡುವ ವೇಳೆಯನ್ನು ಇನ್ನಷ್ಟು ಮುಂಚೆ ಮಾಡಿದೆ. ಮೂಗೂ ಇನ್ನಷ್ಟು ಮುಂಚೆ ಕಟ್ಟಿತು. ಬಾಟಲಿಯ ಮೇಲೆ ಹೆಚ್ಚು ದಿನ ಬಳಸಬಾರದೆಂದು ಸಣ್ಣ ಅಕ್ಷರದಲ್ಲಿ ಇತ್ತಂತೆ. ಔಷಧಿಯನ್ನು ವೇಳೆಗೆ ಸರಿಯಾಗಿ ತೆಗೆದುಕೊಳ್ಳದಿದ್ದರೆ ತೊಂದರೆ ಎಂದು ಮಾತ್ರ ನನಗೆ ಗೊತ್ತಿದ್ದದ್ದು.

ಉಳಿದದ್ದು ನಿದ್ದೆ ಬರುವ ಹಳದಿ ಮಾತ್ರೆ. ಸಣ್ಣದು, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಅದನ್ನು ತೆಗೆದುಕೊಂಡ ದಿನ ಸೀನು ಬರಲಿಲ್ಲ. ಬೇರೆ ಯಾವುದೂ ಬರಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯಲಿಲ್ಲ. ಮಾತಾಡುತ್ತಿದ್ದವರ ಬಾಯಿ ಅಲ್ಲಾಡುತ್ತಿತ್ತು, ಮಾತು ಸ್ವಲ್ಪ ಹೊತ್ತಿನ ಮೇಲೆ ಬಂದು ತಲುಪುತ್ತಿತ್ತು. ಅದೇ ವಾರ, ನನ್ನ ಜೊತೆ ಬಹಳ ವರ್ಷ ಕೆಲಸ ಮಾಡಿದ ಹಿಂದಿ ಟೀಚರ್ ತೀರಿಕೊಂಡ ಸುದ್ದಿ ಬಂತು. ನಾನು ಬಟ್ಟೆ ಮಡಚುತ್ತಿದ್ದೆ. "ಹೌದಾ" ಎಂದೆ. ಉಳಿದ ಬಟ್ಟೆ ಮಡಚಿ ಮುಗಿಸಿದೆ. ಸುಲೋಚನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಊರಿನವರು, ಟೀಚರದ್ದು ಗಟ್ಟಿ ಮನಸ್ಸು ಎಂದು ಮಾತಾಡಿಕೊಂಡರಂತೆ.

ಅದನ್ನೇ ಆರಿಸಿದೆ. ಸೀನು ನಿಲ್ಲುತ್ತದೆ ಎಂಬುದು ಒಂದು ಕಾರಣ. ಇನ್ನೊಂದೂ ಇತ್ತು. ಶ್ರೀಪತಿ ಅಂಗಳದಲ್ಲಿ ಎದೆ ಹಿಡಿದು ನಿಂತದ್ದನ್ನು ನೋಡಿದಾಗ ನನ್ನ ಕೈಕಾಲು ತಣ್ಣಗಾಗುತ್ತಿತ್ತು. ಹಳದಿ ಮಾತ್ರೆ ತೆಗೆದುಕೊಂಡ ದಿನ ಅದು ಆಗಲಿಲ್ಲ. ಅವನು ನಿಂತಿದ್ದಾನೆ ಎಂದಷ್ಟೇ ಕಂಡಿತು.

ಹೊರಡುವ ದಿನ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿದೆ. ಸೀನಿಗೆಂದು ಹಳದಿ ಮಾತ್ರೆ ನುಂಗಿದೆ. ಮೂಗು ಕಟ್ಟಿದ್ದಕ್ಕೆಂದು ಶೀತದ ಮಾತ್ರೆ ನುಂಗಿದೆ. ಮೇಲೆ ಡ್ರಾಪ್ಸ್. ಒಂದೊಂದು ತೊಂದರೆಗೆ ಒಂದೊಂದು ಕಾವಲು ಎಂದು ನನ್ನ ಲೆಕ್ಕ. ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಶ್ರೀಪತಿ ಹೊಸ್ತಿಲ ಬಳಿ ಬೇಕೆಂದೇ ನಿಧಾನ ಮಾಡಿದ. ಚಪ್ಪಲಿಯ ಪಟ್ಟಿ ಸರಿಮಾಡಿದ. ಹಿಂದೆ ತಿರುಗಿ ಒಳಗೆ ನೋಡಿದ. ಸೀನು ಬರಲಿಲ್ಲ.

"ನಡೀರಿ, ನಡೀರಿ" ಎಂದು ಸುಲೋಚನ ಅವನ ಬೆನ್ನಿಗೆ ಚೀಲ ಒತ್ತಿದಳು.

ತೀರ್ಥಹಳ್ಳಿಯಲ್ಲಿ ಬಸ್ಸು ಬದಲಾಯಿಸಿದೆವಂತೆ. ಮೇಳಿಗೆ ಊರು ದಾಟಿದ್ದು ನನಗೆ ಗೊತ್ತಿಲ್ಲ. ಆಗುಂಬೆ ಘಾಟಿಯಲ್ಲಿ ಶ್ರೀಪತಿ ತಿರುವು ತಿರುವಿಗೂ ಡ್ರೈವರಿಗೆ ಸಲಹೆ ಕೊಟ್ಟು ಬೈಸಿಕೊಂಡನಂತೆ. ನನಗೆ ನೆನಪಿರುವುದು ಸುಲೋಚನ ಪಕ್ಕೆಗೆ ತಿವಿದದ್ದು. "ಅತ್ತಿಗೆ, ಬಾಯಿ ಮುಚ್ಕೊಳ್ಳಿ. ಎದ್ರು ಸೀಟಿನೋರು ನೋಡ್ತಿದಾರೆ."

ಆಸ್ಪತ್ರೆಯ ಕಾಯುವ ಹಾಲಿನಲ್ಲಿ ಉಕ್ಕಿನ ಕುರ್ಚಿಗಳು, ಒಂದಕ್ಕೊಂದು ಜೋಡಿಸಿದವು. ಒಬ್ಬರು ಎದ್ದರೆ ಸಾಲೆಲ್ಲ ಅಲ್ಲಾಡುತ್ತದೆ. ಗೋಡೆಯಲ್ಲಿ ಸದ್ದಿಲ್ಲದ ಟಿ.ವಿ., ಯಾರೋ ಅಡುಗೆ ಮಾಡಿ ತೋರಿಸುತ್ತಿದ್ದರು. ಎಲ್ಲರೂ ಅದನ್ನೇ ನೋಡುತ್ತಿದ್ದರು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಶ್ರೀಪತಿಗೆ ಹಸಿರು ಬಟ್ಟೆ ತೊಡಿಸಿ ಗಾಲಿ ಮಂಚದ ಮೇಲೆ ಮಲಗಿಸಿ ತಂದರು. ಸುಲೋಚನ ಔಷಧಿ ತರಲು ಹೋಗಿದ್ದಳು. ಅವನು ನನ್ನ ಕೈ ಹಿಡಿದ. ಏನೋ ಹೇಳಿದ. ಒಂದೆರಡು ಮಾತಲ್ಲ, ಸ್ವಲ್ಪ ಹೊತ್ತು ಹೇಳಿದ. ನಾನು "ಹೂಂ" ಎಂದೆ. ಮಂಚ ಒಳಗೆ ಹೋಯಿತು. ಬಾಗಿಲು ತಾನೇ ಮುಚ್ಚಿಕೊಂಡಿತು.

ಏನು ಹೇಳಿದ ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು.

ಸುಲೋಚನ ಬಂದು ಪಕ್ಕದಲ್ಲಿ ಕೂತು ಅತ್ತಳು. ಅವಳ ಬೆನ್ನ ಮೇಲೆ ಕೈ ಇಡಬೇಕು ಎಂದು ಯೋಚನೆ ಬಂತು. ಕೈ ಎತ್ತಲಿಲ್ಲ. ಎದೆ ಮಾತ್ರ ನನ್ನದಲ್ಲದಂತೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಶ್ರೀಪತಿಯ ಕಡೆಯವರು ಯಾರು ಎಂದು ಒಳಗಿನಿಂದ ಕರೆದರು. ಹಿರಿಯಳು ನಾನು, ಎದ್ದೆ. ಕುರ್ಚಿಯ ಸಾಲು ಅಲ್ಲಾಡಿತು. ಆಮೇಲೆ ನೆಲ ಕೆನ್ನೆಗೆ ತಣ್ಣಗೆ ತಾಗಿತು. ಹಿತವಾಗಿತ್ತು.

ಪರದೆಯ ಹಿಂದೆ ಮಲಗಿಸಿದ್ದರು. ತೋಳಿಗೆ ಬಿ.ಪಿ. ಪಟ್ಟಿ. ಪಟ್ಟಿ ಬಿಗಿಯಾಗಿ, ಸಡಿಲಾಗಿ, ಮತ್ತೆ ಬಿಗಿಯಾಯಿತು. ನರ್ಸು ಒಬ್ಬ ಡಾಕ್ಟರನ್ನು ಕರೆತಂದಳು. ಹುಡುಗಿಯಂಥ ಡಾಕ್ಟರು.

"ಬಿ.ಪಿ. ತುಂಬ ಏರಿದೆ ಅಮ್ಮ. ಎಂತೆಲ್ಲ ಮಾತ್ರೆ ತಗೊಂಡಿದ್ದೀರಿ?"

ಪಕ್ಕದಲ್ಲಿದ್ದ ನನ್ನ ಕೈಚೀಲದಲ್ಲಿದೆ ಎಂದು ಕೈಯಲ್ಲಿ ತೋರಿಸಿದೆ. ಅವರು ಮಾತ್ರೆಯ ಪಟ್ಟಿಗಳನ್ನು ಹೊರತೆಗೆದು ಬೆಳಕಿಗೆ ಹಿಡಿದು, ಹಿಂಬದಿಯನ್ನು ಓದಿದರು.

"ಈ ಹಳದಿ ಮಾತ್ರೆಯಲ್ಲಿ ಇರುವುದೇ ಈ ಶೀತದ ಮಾತ್ರೆಯಲ್ಲೂ ಉಂಟು. ನೀವು ಒಂದನ್ನೇ ಎರಡು ಸಲ ತಿಂದಿದ್ದೀರಿ. ಮತ್ತೆ ಮೂಗು ಬಿಡಿಸುವ ಔಷಧಿ ಶೀತದ ಮಾತ್ರೆಯಲ್ಲೂ ಉಂಟು, ಡ್ರಾಪ್ಸಿನಲ್ಲೂ ಉಂಟು. ಬಿ.ಪಿ. ಇದ್ದವರು ಕೇಳದೆ ತಗೊಳ್ಳುವಂಥದ್ದಲ್ಲ ಅದು. ಯಾರು ಕೊಟ್ಟದ್ದು ನಿಮಗೆ?"

"ನಾನೇ" ಎಂದೆ.

"ಅಷ್ಟು ಶೀತ ಇತ್ತಾ?"

ಒಂಟಿ ಸೀನಿನ ಕಥೆ ಹೇಳಲು ಬಾಯಿ ಒಣಗಿತ್ತು. ಹೂಂ ಎಂದೆ. ಅವರು ನರ್ಸಿಗೆ ಏನೋ ಬರೆದುಕೊಟ್ಟು ಹೋದರು.

ಸುಲೋಚನ ಆ ದಿನವೆಲ್ಲ ಮೆಟ್ಟಿಲು ಹತ್ತಿ ಇಳಿದಳು. "ಮೇಲೊಬ್ರು, ಕೆಳಗೊಬ್ರು! ಅಕ್ಕ ತಮ್ಮ ಮಾತಾಡ್ಕೊಂಡೇ ಬಂದ್ರಾ?" ಎಂದು ಪರದೆ ಸರಿಸಿ ಬೈದು ಮತ್ತೆ ಓಡಿದಳು. ಕಾಯುವ ಹಾಲಿನಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಯಾರೋ ಬುರ್ಖಾ ತೊಟ್ಟ ಹೆಂಗಸು ನಮ್ಮ ಉಳಿದ ಚೀಲಗಳನ್ನು ತನ್ನ ಕಾಲ ಬಳಿ ಇಟ್ಟುಕೊಂಡು ಕಾದಳಂತೆ. ಸುಲೋಚನಳಿಗೆ ತನ್ನ ಫ್ಲಾಸ್ಕಿನ ಚಹಾ ಕೊಟ್ಟು, ಕುಡಿಯುವವರೆಗೂ ಬಿಡಲಿಲ್ಲವಂತೆ. ಅವಳ ಹೆಸರು ಕೇಳಲಾಗಲಿಲ್ಲ. ಅವಳು ಯಾರಿಗಾಗಿ ಬಂದಿದ್ದಳೆಂದೂ ತಿಳಿಯಲಿಲ್ಲ.

ಶ್ರೀಪತಿಗೆ ಸ್ಟೆಂಟ್ ಹಾಕಿದರು. ಸರಿಹೋಯಿತು. ಇನ್ನೂ ಒಂದಿಷ್ಟು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮರುದಿನ ನನ್ನನ್ನು ಗಾಲಿಕುರ್ಚಿಯಲ್ಲಿ ಅವನ ವಾರ್ಡಿಗೆ ಕರೆದೊಯ್ದರು.

"ಹ್ವಾಯ್, ಯಾರಿಗೆ ಆಪ್ರೇಷನ್ ಆದ್ದು? ನಿಂಗಾ ನಂಗಾ?" ಎಂದ.

"ನಿನ್ನೆ ಒಳಗೆ ಹೋಗಬೇಕಾದ್ರೆ ನಂಗೆ ಎಂತ ಹೇಳ್ದೆ?"

ಅವನು ಯೋಚಿಸಿದ. "ನಂಗೂ ಇಂಜೆಕ್ಷನ್ ಕೊಟ್ಟಿದ್ರು ಅಕ್ಕ. ಹೇಳಿದ್ದು ಹೌದು. ಎಂತ ಅಂತ ನೆನಪಿಲ್ಲ."

"ಮುಖ್ಯದ್ದಾ?"

"ಇರ್ಬೇಕು. ಕೈ ಹಿಡ್ಕೊಂಡು ಹೇಳ್ದೆ ಅಲ್ದಾ."

ಆ ಮಾತು ಎಲ್ಲಿ ಹೋಯಿತೋ ಹೋಯಿತು.

ಊರಿಗೆ ಬಂದ ಮೇಲೆ ಸಾಗರದ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿದೆ. ಮೊದಲೇ ಹೋಗಬೇಕಿದ್ದ ಜಾಗ. ಮೂಗಿನೊಳಗೆ ದೀಪ ಬಿಟ್ಟು ನೋಡಿ, ಡ್ರಾಪ್ಸಿನ ಬಾಟಲಿಯನ್ನು ಅವರೇ ಕಸದ ಡಬ್ಬಿಗೆ ಹಾಕಿದರು. ಮೂಗು ಕಟ್ಟಿಸುತ್ತಿದ್ದದ್ದು ಅದೇ ಆಗಿತ್ತು. ಬಿಟ್ಟ ಮೇಲಿನ ದಿನಗಳು ಕಷ್ಟದವು. ಬಾಯಲ್ಲೇ ಉಸಿರಾಡಿದೆ. ಮೂಗಿಗೆ ಹೊಡೆಯುವ ಬೇರೆ ಸ್ಪ್ರೇ ಕೊಟ್ಟರು, ಅದು ತಕ್ಷಣ ಏನೂ ಮಾಡುವುದಿಲ್ಲ, ದಿನಾ ಹೊಡೆದರೆ ನಿಧಾನವಾಗಿ ಕೆಲಸ ಮಾಡುತ್ತದೆ. ಉಪ್ಪುನೀರಿನಲ್ಲಿ ಮೂಗು ತೊಳೆಯಲು ಹೇಳಿದರು. ನೀರು ಕುದಿಸಿ ಆರಿಸಿದ್ದಿರಬೇಕು. ಬೇಕೆನಿಸಿದಾಗ ಅದೇ ಸಭ್ಯ ಬಿಳಿ ಮಾತ್ರೆ. ಗೋಡೆಯ ಬೂಷ್ಟನ್ನು ಸುಲೋಚನ ತೊಳೆದಳು, ನನ್ನನ್ನು ಹೊರಗೆ ಕೂರಿಸಿ.

"ಸೀನು ಪೂರ್ತಿ ಹೋಗ್ತದಾ?" ಎಂದು ಕೇಳಿದೆ.

"ಕಮ್ಮಿ ಆಗ್ತದೆ. ಪೂರ್ತಿ ಹೋಗೋದು ಅಂತ ಇಲ್ಲ" ಎಂದರು ಡಾಕ್ಟರು.

ನನ್ನಂಥವರು ಬೇರೆ ಕಡೆಯೂ ಇರುತ್ತಾರೆ. ಅವರಿಗೆ ಹೇಳುವುದು ಇಷ್ಟೆ. ಕೌಂಟರಿನಲ್ಲಿ ಸಿಗುವುದೂ ಔಷಧಿಯೇ. ಎರಡು ಪಟ್ಟಿ ಮಾತ್ರೆ ಕೊಂಡರೆ ಎರಡರ ಹಿಂಬದಿಯನ್ನೂ ಓದಿಸಿಕೊಳ್ಳಿ. ಬಿ.ಪಿ. ಇದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ. ವೇಳೆಗೆ ಸರಿಯಾಗಿ ಮಾಡಿದ ಮಾತ್ರಕ್ಕೆ ಒಂದು ಕೆಲಸ ಸರಿಯಾಗುವುದಿಲ್ಲ. ಇದನ್ನು ಕಲಿಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತು.

ಹಳದಿ ಮಾತ್ರೆ ಬಿಟ್ಟ ಮೇಲೆ ಭಯ ವಾಪಸ್ ಬಂತು. ಆಸ್ಪತ್ರೆಯಲ್ಲಿ ಪಡಬೇಕಿದ್ದ ಭಯ, ಎಲ್ಲ ಮುಗಿದ ಮೇಲೆ, ಮನೆಯಲ್ಲಿ. ಶ್ರೀಪತಿ ಊಟ ಮಾಡಿ ಅಡ್ಡಾದರೆ ಬಾಗಿಲಲ್ಲಿ ನಿಂತು ಅವನ ಹೊಟ್ಟೆ ಏರಿಳಿಯುವುದನ್ನು ನೋಡುತ್ತೇನೆ. ಹಿಂದಿ ಟೀಚರ ಮನೆಗೆ ಹೋಗಿ ಅವರ ಗಂಡನ ಎದುರು ಕೂತು ಬಂದೆ. ಅಳು ಬರಲಿಲ್ಲ. ಹೊತ್ತು ಮೀರಿತ್ತು.

ಮೊನ್ನೆ ಶ್ರೀಪತಿಯನ್ನು ಮತ್ತೆ ತೋರಿಸಲು ಘಟ್ಟದ ಕೆಳಗೆ ಹೋಗಬೇಕಿತ್ತು. ಬಿಳಿ ಮಾತ್ರೆ ಮಾತ್ರ ನುಂಗಿದ್ದೆ. ಅಡುಗೆಮನೆಯ ಬಾಗಿಲ ಕಡೆ ಹೊರಟೆ. ಅವನು, "ಎಲ್ಲಿಗೆ? ಇಲ್ಲೇ ನಿಲ್ಲು" ಎಂದ. ನಿಂತೆ. ಅವನು ಕೈಮುಗಿದು, ಚಪ್ಪಲಿ ಮೆಟ್ಟಿ, ಒಂದು ಕಾಲು ಹೊಸ್ತಿಲಿನಾಚೆ ಇಟ್ಟ.

ಸೀನಿದೆ. ಒಂದೇ.

ಸುಲೋಚನ ಕಣ್ಣು ಮುಚ್ಚಿಕೊಂಡಳು. ಶ್ರೀಪತಿಯ ಕಾಲು ಹೊರಗೆ ಇತ್ತು. ಅವನು ನನ್ನ ಕಡೆ ತಿರುಗಿದ.

"ಇನ್ನೊಂದು ಉಂಟಾ?"

"ಇಲ್ಲ ಮಾರಾಯ. ನಿಂಗೆ ಗೊತ್ತಲ್ಲ."

ಅವನು ಹೊರಗಿಟ್ಟ ಕಾಲನ್ನು ನೋಡಿದ. ರಸ್ತೆಯ ಕಡೆ ನೋಡಿದ. ಬಸ್ ಸ್ಟ್ಯಾಂಡಿನಲ್ಲಿ ಯಾವುದೋ ಬಸ್ಸು ಹಾರ್ನ್ ಹಾಕುತ್ತಿತ್ತು. ಆಮೇಲೆ ಟವೆಲಿನ ತುದಿಯನ್ನು ಮೂಗಿಗೆ ಹಿಡಿದು, ತಲೆ ಹಿಂದಕ್ಕೆ ಒಗೆದು, "ಆಕ್ಷೀ" ಎಂದ. ಅಕ್ಷರ ಬಿಡಿಸಿ ಓದಿದ ಹಾಗಿತ್ತು.

"ಅಯ್ಯೋ ದೇವ್ರೇ, ಇದೆಂತ ಸೀನು! ಬೆಕ್ಕಿಗೂ ಇದ್ಕಿಂತ ಚೆನ್ನಾಗಿ ಬರ್ತದೆ" ಎಂದಳು ಸುಲೋಚನ.

"ಎರಡಾಯ್ತಾ ಇಲ್ವಾ?" ಎಂದು ಅವನು ನನ್ನನ್ನು ಕೇಳಿದ.

"ಆಯ್ತು" ಎಂದೆ.

"ಹಂಗಾದ್ರೆ ರೈಟ್" ಎಂದು ಇನ್ನೊಂದು ಕಾಲನ್ನೂ ಹೊರಗೆ ಇಟ್ಟ.